ಎರಡನೆಯ ಕೀಲಿಕೈ

"ಬಂದ ನೋಡ್ರೇ, ಮಾಲೀಕನ ನಾಯಿ! ತಂಗಿ ತಿಂದು ಬಿಟ್ಟ ಎಲುಬಿಗೆ ಬಾಲ ಆಡಿಸ್ಕೊಂಡು ಬಂದ!"

ಕೆಜಾಯಾ ಅತ್ತೆ ಚಹದ ಪಾತ್ರೆ ಹಿಡಿದೇ ಕೂಗಿದಳು. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿದ್ದ ನಲವತ್ತು ಹೆಂಗಸರೂ ತಿರುಗಿ ನೋಡಿದರು. ಜೇಬೆಜ್ ಟೊಪ್ಪಿ ತೆಗೆದು ಬಾಗಿಲಲ್ಲೇ ನಿಂತ.

ತಂಗಿ ತಿರ್ಜಾ ಅಂದು ಬೆಳಿಗ್ಗೆಯಷ್ಟೇ ಒಂದು ತಿಂಗಳ ಜೈಲು ಮುಗಿಸಿ ಬಂದಿದ್ದಳು. ಹೆಂಗಸರಿಗೂ ಓಟಿನ ಹಕ್ಕು ಬೇಕೆಂದು ಹೋರಾಡಿ ಜೈಲಿಗೆ ಹೋದವಳಿಗೆ ಹೊರಬಂದ ದಿನ ಜೊತೆಯವರು ತಿಂಡಿ ಹಾಕುವುದು ರೂಢಿ. ಅವಳ ಮುಂದಿನ ಮೊಟ್ಟೆ, ಹಂದಿಮಾಂಸ ಮುಟ್ಟದೆ ತಣ್ಣಗಾಗಿದ್ದವು.

ವಿಲೆನ್‌ಹಾಲ್ ಬೀಗ ಮಾಡುವ ಊರು. ಅರ ತಿಕ್ಕಿ ತಿಕ್ಕಿ ಗಂಡಸರ ಬೆನ್ನೆಲ್ಲ ಗೂನು. ಮಂತ್ರಿ ಬರುವ ದಿನ ಪುರಭವನದ ಕಂಬಿಗೆ ತನ್ನನ್ನು ಸರಪಳಿಯಿಂದ ಬಿಗಿದುಕೊಳ್ಳಲು ತಿರ್ಜಾ ಅಣ್ಣನ ಹತ್ತಿರವೇ ಬೀಗ ಕೇಳಿದ್ದಳು.

"ಒಂದೇ ಕೀಲಿಕೈ ಮಾಡಣ್ಣ. ಅದನ್ನೂ ಕಾಲುವೆಗೆ ಎಸೀತೀನಿ."

ಹೂಂ ಅಂದಿದ್ದ. ಆದರೆ ಬೀಗಕ್ಕೆ ಎರಡು ಕೀಲಿಕೈ ಎಂಬುದು ಅಜ್ಜನ ಕಾಲದ ಕಟ್ಟಳೆ: ಒಂದು ಗಿರಾಕಿಗೆ, ಒಂದು ಅಂಗಡಿಯ ಮೊಳೆಗೆ. ಕೆಲಸ ಕಲಿತ ಬೆರಳುಗಳು ಕೇಳದೆಯೇ ಎರಡನೆಯದನ್ನೂ ಕೊರೆದುಬಿಟ್ಟವು. ಮುರಿದು ಹಾಕಬಹುದಿತ್ತು. ಹಾಕಲಿಲ್ಲ. ಒಳಜೇಬಿಗೆ ಸೇರಿಸಿದ.

ಮಂತ್ರಿ ಬಂದ ದಿನ ಪೊಲೀಸರು ಆ ಸರಪಳಿ ಕೊಯ್ಯಲು ಗರಗಸ ಹಿಡಿದು ಬೆವರುತ್ತಿದ್ದರು. "ಹೆಂಗಸರಿಗೆ ಓಟು, ಗಂಡಸರಿಗೆ ಸೌಟು!" ಎಂದು ಜನ ಕೇಕೆ ಹಾಕುತ್ತಿದ್ದರು. ಜೇಬೆಜ್‌ನ ಪಕ್ಕಕ್ಕೆ ಬಂದು ನಿಂತ ಅವನ ಅಂಗಡಿಯ ಮಾಲೀಕ ಬೀಗವನ್ನೊಮ್ಮೆ ದಿಟ್ಟಿಸಿ ಮೆಲ್ಲಗೆ ಕೇಳಿದ: "ನಿನ್ನ ಕೆಲಸ ಅಲ್ವೇನೋ ಅದು? ನಾಳೆ ಯಾರ ಅಂಗಡೀಲಿ ಅರ ತಿಕ್ತೀಯೋ, ಜೇಬೆಜ್?"

ಗರಗಸ ತಂಗಿಯ ಮೈಯಿಂದ ಇನ್ನೂ ಒಂದು ಗೇಣು ದೂರವಿತ್ತು. ಜೇಬೆಜ್ ಹೋಗಿ ಬೀಗ ತೆಗೆದ.

ತಿರ್ಜಾ ಕಿರುಚಲಿಲ್ಲ. ಅವನ ಕೈಯಲ್ಲಿದ್ದ ಕೀಲಿಕೈಯನ್ನು ನೋಡಿದಳು, ಅಷ್ಟೇ. ಅವಳನ್ನು ಎಳೆದೊಯ್ದ ಐದೇ ನಿಮಿಷಕ್ಕೆ ಮಂತ್ರಿಯ ಗಾಡಿ ಬರಿಯ ಕಂಬಿಗಳ ಮುಂದೆ ಹಾಯಾಗಿ ಸಾಗಿತು. ಆಮೇಲೆ ತಿಂಗಳಿಡೀ ಜೇಬೆಜ್ ಕಂಡಕಂಡವರಿಗೆ ಹೇಳಿದ್ದೇ ಹೇಳಿದ್ದು: "ಗರಗಸ ಅವಳ ಸೊಂಟಕ್ಕೇ ಬಂದಿತ್ತು. ಕಣ್ಣಿಂದ ನೋಡಕ್ಕಾಗ್ಲಿಲ್ಲ."

"ಸುಮ್ನಿರತ್ತೆ," ಎಂದಳು ತಿರ್ಜಾ ಈಗ, ತಣ್ಣಗಾದ ತಿಂಡಿಯ ಮುಂದೆ ಕೂತೇ. ಪಕ್ಕದ ಕುರ್ಚಿ ಎಳೆದಳು. "ನನಗೆ ಗಾಯ ಆಗತ್ತೆ ಅಂತ ಬೀಗ ತೆಗೆದ್ಯಂತೆ, ಅಣ್ಣ. ಒಳಗೆ ಕೂತು ನಾನೂ ಅದನ್ನೇ ಅಂದ್ಕೊಂಡೆ, ದಿನಾ. ನಿಜ ತಾನೆ? ನಿನ್ನ ಬಾಯಲ್ಲೇ ಒಂದ್ಸಲ ಹೇಳು, ಸಾಕು. ಬಾ, ಕೂತ್ಕೋ, ತಿನ್ನೋಣ."

ಅತ್ತೆ ಚಹದ ಪಾತ್ರೆ ಕೆಳಗಿಟ್ಟಳು.

ಹೌದು ಅಂದರೆ ಮುಗಿಯಿತು. ಇಡೀ ಊರಿಗೆ ಹೇಳಿ ಸವೆದ ಸುಳ್ಳು, ನಾಲಗೆಯ ತುದಿಯಲ್ಲೇ ಇತ್ತು. ಜೇಬಿನೊಳಗೆ ಕೀಲಿಕೈಯ ಹಲ್ಲು ಅಂಗೈಗೆ ನಾಟಿತು. ಜೇಬೆಜ್ ಆ ಖಾಲಿ ಕುರ್ಚಿಯನ್ನು ನೋಡಿದ, ತಂಗಿಯ ಮುಖ ನೋಡಲಾಗಲಿಲ್ಲ. ಟೊಪ್ಪಿ ತಲೆಗಿಟ್ಟು, ತಿರುಗಿ, ಬೀದಿಗಿಳಿದು ನಡೆದುಬಿಟ್ಟ.