ಪೂಂಗೊಡಿಯ ತೋಳು

ಬೇಸಿಗೆ ಕಾಲಿಡುವ ಪಂಗುನಿ ತಿಂಗಳ ಆ ಬೆಳಿಗ್ಗೆ ಸೇಲಂ ಸೀಮೆಯ ಎಡಪ್ಪಾಡಿಯಲ್ಲಿ ಗಾಳಿಯೇ ಇರಲಿಲ್ಲ. ಬೇವಿನ ಮರ ಉಸಿರು ಬಿಗಿಹಿಡಿದಂತೆ ನಿಂತಿತ್ತು. ಬೆಳಕು ಹರಿದಿದ್ದರೂ ಬಿಸಿಲಿನ್ನೂ ಬೀದಿಗೆ ಇಳಿದಿರಲಿಲ್ಲ. ಮಗ್ಗಕ್ಕೆ ಏರಿಸುವ ಹಾಸುನೂಲಿಗೆ ಗಂಜಿ ಹಾಕಲು ನೇಕಾರರು ದೇವರನ್ನು ಬೇಡುವುದು ಇಂಥ ಹೊತ್ತನ್ನೇ.

ಪೊನ್ನುಸ್ವಾಮಿಯ ಹಾಸುನೂಲು ಬೀದಿಯ ಉದ್ದಕ್ಕೂ ಚಾಚಿಕೊಂಡಿತ್ತು. ಗಂಜಿ ಕುಡಿದು ಒದ್ದೆಯಾದ ಎಳೆಗಳನ್ನು ಎರಡೂ ಕಡೆ ಜನ ನಿಂತು ಕುಂಚದಿಂದ ಉಜ್ಜಿ ಬಿಡಿಸುತ್ತಿದ್ದರು. ಒಂದು ಮನೆಯ ನೂಲಿಗೆ ಇಡೀ ಬೀದಿ ಕೈಹಾಕುತ್ತದೆ. ಆ ಮನೆಯವರು ಇನ್ನೊಬ್ಬರ ನೂಲಿಗೆ ಕೈಹಾಕಿ ಅದನ್ನು ತೀರಿಸುತ್ತಾರೆ. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಬಿಸಿಲೇರುವುದರೊಳಗೆ ಉಜ್ಜಿ ಮುಗಿಸದಿದ್ದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಆಮೇಲೆ ಅದು ಯಾವ ಮಗ್ಗಕ್ಕೂ ಏರುವುದಿಲ್ಲ.

"ಕುಂಚ ಕೆಳಗಿಡ್ರಲಾ."

ಯಜಮಾನ ಸುಬ್ಬರಾಯನ್ ಬರುತ್ತಿದ್ದ. ಬೀದಿಗೆಲ್ಲ ನೂಲು ಕೊಡುವವನು ಅವನೇ, ನೇಯ್ದ ಸೀರೆ ಒಯ್ಯುವವನೂ ಅವನೇ. ಕೈಯಲ್ಲಿ ಮಾರಿಯಮ್ಮನ ಗುಡಿಯ ಅರಿಶಿನ ನೀರಿನ ಚೊಂಬಿತ್ತು.

"ಏನ್ಲಾ ಪೊನ್ನುಸ್ವಾಮಿ, ನಿನ್ ಮಗಳು ಪಳ್ಳಿಕ್ಕೂಡದಾಗೆ ತೋಳು ಬಿಚ್ಚಿ ಅಮ್ಮೆ ಊಸಿ ಆಕಿಸ್ಕೊಂಡ್ಳಂತೆ. ಯಾವನೋ ಬಿಳೇ ದೊರೆ ಸರ್ಕಾರದ ನಾಯಿ ಮುಟ್ಟಿ ಗೀರಿದ್ನಂತೆ. ಕೆಳಗಿನ ಬೀದಿ ಮಗೀಗೆ ರಾತ್ರಿ ಅಮ್ಮ ಇಳಿದವ್ಳೆ. ಯಾಕಿಳಿದ್ಳು ಗೊತ್ತಾಯ್ತಾ?"

ಬೀದಿಯವರು ಅಮ್ಮ ಎಂದೇ ಕರೆಯುವ ಸಿಡುಬಿಗೆ ಸೂಜಿ ಹಾಕುವವನು ಹೋದ ವಾರ ಶಾಲೆಗೆ ಬಂದಿದ್ದ. ಉಳಿದ ಹುಡುಗಿಯರೆಲ್ಲ ಹಿತ್ತಲಿಗೆ ಓಡಿದಾಗ ಪೂಂಗೊಡಿ ಒಬ್ಬಳೇ ರವಿಕೆಯ ತೋಳು ಮೇಲಕ್ಕೆ ಸರಿಸಿ ನಿಂತಿದ್ದಳು. ಅಪ್ಪನನ್ನಾಗಲಿ ಅವ್ವನನ್ನಾಗಲಿ ಕೇಳಿರಲಿಲ್ಲ. ಗಾಯ ಬಾತು ಕೀವು ಕಟ್ಟಿದಾಗಲೇ ಮನೆಯವರಿಗೆ ತಿಳಿದದ್ದು. ಆವತ್ತು ಅವ್ವ ಸಪ್ಪಲಮ್ಮ ಅವಳ ಕೆನ್ನೆಗೆ ಬಾರಿಸಿದ್ದಳು.

ಪೊನ್ನುಸ್ವಾಮಿ ಹೆಗಲ ವಸ್ತ್ರವನ್ನು ಕಂಕುಳಿಗೆ ಇಳಿಸಿಕೊಂಡ. "ಚಿಕ್ ಮಗ, ಯಜಮಾನ್ರೇ. ಬಿಟ್ಬುಡಿ."

"ಬಿಡಕ್ಕೆ ನಾನೇನು ಅಮ್ಮನಾ? ಈ ನೀರಾಗೆ ತೋಳು ತೊಳೀಲಿ. ಗುಡಿ ಮುಂದೆ ಬಿದ್ದು ತಪ್ಪಾಯ್ತು ಅನ್ಲಿ. ಪಳ್ಳಿಕ್ಕೂಡ ಪೋದುಂ, ಓದಿದ್ದು ಸಾಕು, ನಾಳೆಯಿಂದ ರಾಟೆ ಮುಂದೆ ಕೂತ್ಕಳ್ಳಿ. ಅಲ್ಲೀಗಂಟ ಈ ಮನೆಗೆ ಮುಯ್ಯಿ ಇಲ್ಲ. ಕೈ ಆಕ್ದೋರ ಮನೆಗೆ ನೂಲಿಲ್ಲ."

"ಬಿಸಿಲು ಬರ್ತೈತೆ ಸಾಮಿ. ನೂಲು ನಿಮ್ದೇ, ಆಳಾಗೋಯ್ತದೆ."

"ಆಗ್ಲಿ. ಸಂಜೀಗೆ ನಿನ್ ಮಗ್ಗ ಕಿತ್ಕೊಂಡು ಓಗ್ತೀನಿ."

ಕುಂಚಗಳು ಒಂದೊಂದಾಗಿ ನೆಲಕ್ಕಿಳಿದವು. ಜನ ಗೋಡೆಯ ಕಡೆ ಸರಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಪೊನ್ನುಸ್ವಾಮಿ ಮಗಳ ಕಡೆ ತಿರುಗಿದ. "ತೊಳ್ಕೊ ಪೂವಾ. ನೀರು ತಾನೇ."

ಪೂಂಗೊಡಿಗೆ ಜ್ವರವಿತ್ತು. ಆದರೂ ಅವಳ ಕುಂಚ ನಿಂತಿರಲಿಲ್ಲ. "ನೀರಾದ್ರೆ ಕುಡೀತೀನಪ್ಪ. ತಪ್ಪು ಅಂತ ತೊಳೆಯಲ್ಲ."

ಸುಬ್ಬರಾಯನ್ ನಕ್ಕ. "ನೋಡ್ರಲಾ, ನಾಕಕ್ಷರ ಕಲ್ತ ಮುಂಡೆ ಎಂಗೆ ಮಾತಾಡ್ತಾಳೆ. ಅಮ್ಮನ್ನ ಬಯ್ಯಕ್ಕೆ ಕಲಿಸವ್ರೆ."

"ಅಮ್ಮನ್ನ ನಾನು ಬಯ್ದಿಲ್ಲ ತಾತಾ. ಕಳೆದ ಬ್ಯಾಸ್ಗೇಲಿ ತಮ್ಮನ್ ಮೈಮೇಲೆ ಅವ್ಳು ಬಂದಾಗ ಬೇವು ಬೀಸ್ದೋಳು ನಾನೇ. ಮೊದ್ಲು ಅವ್ನ ಕಣ್ಣು ಮುಚ್ಕೊಂಡ್ವು. ಆಮ್ಯಾಕೆ ಉಸ್ರು ನಿಂತೋಯ್ತು. ಆವತ್ತೇ ಏಳ್ಕೊಂಡೆ, ನನ್ ಮೈಮೇಲೆ ಬರ್ಬ್ಯಾಡ ತಾಯೀ, ನಮ್ಮವ್ವಂಗೆ ಇನ್ಯಾರೂ ಇಲ್ಲ ಅಂತ. ಅವ್ಳಿಗೆ ಕೋಪ ಬಂದ್ರೆ ನನ್ನೇ ಕೇಳ್ತಾಳೆ. ನಡುವೆ ನೀವ್ಯಾಕೆ?"

ಸಪ್ಪಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಜಮಾನನ ಎದುರಿಗೆ ಹೋಗಿ ಚೊಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬೇವಿನ ಬುಡಕ್ಕೆ ನಿಧಾನವಾಗಿ ಸುರಿದಳು.

"ಅಮ್ಮಂದು ಅಮ್ಮನ್ ಮರಕ್ಕೆ ಓಯ್ತು. ಸೇಲಂನಾಗೆ ಓದೋ ನಿಮ್ ಮೊಮ್ಮಗ ದೀಪಾವಳಿಗೆ ಬಂದಾಗ ಎಣ್ಣೆ ಒತ್ತಿದ್ದು ನಾನೇ. ಅವನ್ ತೋಳ್ನಾಗೂ ಊಸಿ ಗೀರಿದ್ ಕಲೆ ಐತೆ. ಅದ್ನ ಯಾವ ನೀರಾಗೆ ತೊಳೆದ್ರಿ?"

"ಬಾಯ್ ಮುಚ್ಚೇ ಲೌಡಿ."

"ಮುಚ್ತೀನಿ. ಕೆಲ್ಸ ಐತೆ."

ಖಾಲಿ ಚೊಂಬನ್ನು ಅವನ ಕಾಲ ಬಳಿ ಇಟ್ಟು, ಗಂಡನ ಕೈಗೆ ಕುಂಚ ತುರುಕಿದಳು. ಪೊನ್ನುಸ್ವಾಮಿ ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಾಗಿ ಉಜ್ಜತೊಡಗಿದ.

ಮೂವರೂ ಆ ತುದಿಗೂ ಈ ತುದಿಗೂ ಓಡಾಡಿದರು. ಇತ್ತ ಬಿಡಿಸುವಷ್ಟರಲ್ಲಿ ಅತ್ತ ಅಂಟುತ್ತಿತ್ತು. ಬಿಸಿಲು ಸೂರಿನ ಅಂಚು ದಾಟಿ ಎಳೆಗಳ ಮೇಲೆ ಬಿತ್ತು. ಪೂಂಗೊಡಿಯ ಗಾಯ ಒಡೆದು ರವಿಕೆ ಒದ್ದೆಯಾಯಿತು. ಅವಳು ಕುಂಚವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಸುಬ್ಬರಾಯನ್ ಯಾರದೋ ಜಗಲಿಯ ಮೇಲೆ ಕೂತು ಎಲೆಅಡಿಕೆಯ ಚೀಲ ಬಿಚ್ಚಿದ.

ಆಗ ಚೆಲ್ಲಮ್ಮ ಗೋಡೆ ಬಿಟ್ಟು ಬಂದಳು. ಗಂಡನಿಲ್ಲದ ಮುದುಕಿ, ಎದುರು ಮನೆಯವಳು. ಸಂಕ್ರಾಂತಿಯ ತೈ ತಿಂಗಳಲ್ಲಿ ಅವಳು ಹಾಸಿಗೆ ಹಿಡಿದಿದ್ದಾಗ ಅವಳ ನೂಲನ್ನು ಉಜ್ಜಿ ಮುಗಿಸಿಕೊಟ್ಟವರು ಈ ಮನೆಯವರು.

"ಏ ಚೆಲ್ಲಮ್ಮ," ಯಜಮಾನ ಕೂಗಿದ. "ನಾಳೆ ನೂಲಿಗೆ ಯಾರ ಬಾಗಿಲಿಗೆ ಓಗ್ತೀಯೆ?"

ಚೆಲ್ಲಮ್ಮ ತಿರುಗಿ ನೋಡಲಿಲ್ಲ. ನೆಲದ ಮೇಲಿದ್ದ ಕುಂಚವೊಂದನ್ನು ಎತ್ತಿ, ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿ, ನೂಲಿನ ಆಚೆಗೆ ಪೂಂಗೊಡಿಯ ಎದುರು ನಿಂತಳು.

"ತೈ ತಿಂಗಳ್ದು ಬಾಕಿ ಐತಲ್ಲ ಮಗಾ," ಎಂದು ಮೆಲ್ಲಗೆ ಹೇಳಿ, ಕುಂಚವನ್ನು ಎಳೆಗಳ ಮೇಲಿಟ್ಟಳು.