ಐದನೇ ಟ್ಯಾಂಕಿನ ಮಂಡಕ್ಕಿ ಘಮ

ಶನಿವಾರ ಮಧ್ಯಾಹ್ನ 12.20. ಡಚ್ಚರ ನಾಡಿನ ಟಿಲ್‌ಬರ್ಗ್‌ನಿಂದ ಒಂಬತ್ತು ಕಿಲೋಮೀಟರ್ ದೂರದ ಸೈಡರ್ ಮನೆಯ ಅಂಗಳದಲ್ಲಿ ಕೈನಾತ್ ಕಾರು ನಿಲ್ಲಿಸಿದಳು. ಪಕ್ಕದಲ್ಲಿದ್ದ ಸುಪ್ರೀತಾ ಬೆಲ್ಟ್ ಬಿಚ್ಚುವ ಮೊದಲು ಮತ್ತೊಮ್ಮೆ ಗಡಿಯಾರ ನೋಡಿದಳು. ಬಾಟಲಿ ತುಂಬುವ ಯಂತ್ರ ಹೊತ್ತ ಲಾರಿ ಮೂರಕ್ಕೆ ಬರಲಿತ್ತು.

ಸೇಬಿನ ರಸವನ್ನು ಹುದುಗಿಸಿ ಇಲ್ಲಿ ಸೈಡರ್ ಎಂಬ ಲಘು ಮದ್ಯ ಮಾಡುತ್ತಾರೆ. ಶನಿವಾರ ಬಂದವರಿಗೆ ಊಟ, ಜೊತೆಗೆ ರುಚಿ ನೋಡಲು ಸಣ್ಣ ಲೋಟಗಳು. ಡೆಲ್ಫ್ಟ್‌ನಲ್ಲಿ ಯೀಸ್ಟ್ ಕುರಿತು ಪಿಎಚ್‌ಡಿ ಮಾಡುತ್ತಿದ್ದ ಸುಪ್ರೀತಾಳಿಗೆ ಮಾಲೀಕ ವಿಲ್ಲೆಮ್ ಹಿಂದಿನ ಅಕ್ಟೋಬರ್‌ನಲ್ಲಿ ತಮ್ಮ ಎಂಟು ಟ್ಯಾಂಕ್‌ಗಳ ಪೈಕಿ ಐದನೆಯದನ್ನು ಬಿಟ್ಟುಕೊಟ್ಟಿದ್ದರು. ಒಂಬೈನೂರು ಲೀಟರ್ ರಸ, ಅವಳ ಯೀಸ್ಟ್, ಕೆಡದಂತೆ ಹಾಕುವ ಸಲ್ಫೈಟ್ ಒಂದಿಷ್ಟೂ ಇಲ್ಲ. ಇವತ್ತು ಅದು ಬಾಟಲಿಗೆ ಹೋದರೆ ಬರುವ ಹಂಗಾಮಿನಲ್ಲಿ ಎಂಟೂ ಟ್ಯಾಂಕ್ ಅವಳಿಗೆ ಎಂದು ಮಾತಾಗಿತ್ತು. ಅವಳ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಆ ಎಂಟು ಟ್ಯಾಂಕ್‌ಗಳ ಅಂಕಿಅಂಶ ಬೇಕಿತ್ತು.

"ಕಾಲು ಅಲ್ಲಾಡಿಸೋದು ನಿಲ್ಸೇ ಮಾರಾಯ್ತಿ. ಟೇಬಲ್ ಎಲ್ಲಾ ಅಲ್ಲಾಡ್ತಾ ಇದೆ" ಎಂದಳು ಊಟಕ್ಕೆ ಕೂತ ಕೈನಾತ್.

ಇಬ್ಬರೂ ದಾವಣಗೆರೆಯವರು, ಒಂದೇ ಕಾಲೇಜಿನಲ್ಲಿ ಪಿಯುಸಿ ಓದಿದವರು. ಕೈನಾತ್ ಟಿಲ್‌ಬರ್ಗ್‌ನ ಒಂದು ಸರಕು ಸಾಗಣೆ ಕಂಪನಿಯಲ್ಲಿದ್ದಳು. ಕುಡಿಯುವವಳಲ್ಲ. ಗೆಳತಿಯ ದಿನ ಎಂದು ಬಂದಿದ್ದಳು.

ವಿಲ್ಲೆಮ್ ಅವರ ಮಗಳು ಲೀಸ್ ಸಾಸಿವೆ ಸೂಪು, ಬ್ರೆಡ್ಡು, ಹಳೆಯ ಚೀಸ್ ತಂದಿಟ್ಟಳು. ಏಳು ತಿಂಗಳ ಗರ್ಭಿಣಿ. ಅವಳೂ ಸೈಡರ್ ಮುಟ್ಟುತ್ತಿರಲಿಲ್ಲ.

"ಇದರಲ್ಲಿ ಹಂದಿ ಮಾಂಸ ಏನಾದ್ರೂ ಇದೆಯಾ ಕೇಳು" ಎಂದಳು ಕೈನಾತ್.

"ನಿಂಗೆ ಅಂತ ತೆಗೆಸಿದೀನಿ. ಸುಮ್ನೆ ತಿನ್ನು."

"ಸಾಸಿವೆನ ಒಗ್ಗರಣೆಗೆ ಹಾಕೋದು ಬಿಟ್ಟು ಸೂಪ್ ಮಾಡ್ತಾರಲ್ಲೇ ಇವ್ರು" ಎನ್ನುತ್ತಲೇ ಕೈನಾತ್ ಬಟ್ಟಲು ಖಾಲಿ ಮಾಡಿದಳು.

1.15ಕ್ಕೆ ವಿಲ್ಲೆಮ್ ಜಗ್ಗಿನಲ್ಲಿ ಐದನೇ ಟ್ಯಾಂಕಿನ ಸೈಡರ್ ತಂದರು. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಕಂಕುಳಲ್ಲಿ ಲೇಬಲ್‌ಗಳ ಸುರುಳಿ ಇತ್ತು.

"ನೋಡು, ನಿನ್ನ ರುಚಿಯ ಹಾಳೆಯಲ್ಲಿದ್ದದ್ದನ್ನೇ ಅಚ್ಚು ಹಾಕಿಸಿದೆ" ಎಂದರು ಇಂಗ್ಲಿಷ್‌ನಲ್ಲಿ.

ಸೇಬಿನ ಚಿತ್ರದ ಕೆಳಗೆ 'ಹುರಿದ ಅಕ್ಕಿಯ ಬೆಚ್ಚನೆ ಘಮ' ಎಂದು ಡಚ್ಚಿನಲ್ಲಿತ್ತು. ಸಾವಿರದ ಇನ್ನೂರು ಲೇಬಲ್. ಕಳೆದ ಮೂರು ವಾರಗಳಲ್ಲಿ ಈ ಟ್ಯಾಂಕಿನ ರುಚಿ ಬರೆದಿಟ್ಟವಳು ಸುಪ್ರೀತಾ ಒಬ್ಬಳೇ. ಘಮದ ಮುಂದೆ ಮೂರು ಸಲವೂ 'ಹಿತಕರ' ಎಂದು ಗುರುತು ಹಾಕಿದ್ದಳು.

ವಿಲ್ಲೆಮ್ ಬೇರೆ ಟೇಬಲ್‌ಗೆ ಹೋದರು. ಕೈನಾತ್ ಲೋಟ ಎತ್ತಿ ಮೂಸಿದಳು.

"ಎಲ್ಲಿದೆ ಅಕ್ಕಿ? ಬರೀ ಸೇಬು."

"ಲೋಟದಲ್ಲಿ ಬರಲ್ಲ ಕಣೇ. ನುಂಗಿದ ಮೇಲೆ, ಒಂದು ಹತ್ತು ಸೆಕೆಂಡ್ ಬಿಟ್ಟು ಬರುತ್ತೆ. ಬಾಯಲ್ಲೇ—"

ಸುಪ್ರೀತಾ ಮಾತು ನಿಲ್ಲಿಸಿದಳು. ಲೋಟದಲ್ಲಿ ಇಲ್ಲದ, ನುಂಗಿ ಹತ್ತು ಸೆಕೆಂಡಿನ ಮೇಲೆ ಬಾಯಲ್ಲಿ ಏಳುವ ವಾಸನೆ. ಇದೇ ವಾಕ್ಯವನ್ನು ಎರಡು ವರ್ಷದ ಹಿಂದೆ ಅವಳು ತರಗತಿಯಲ್ಲಿ ಬರೆದುಕೊಂಡಿದ್ದಳು. ಸಲ್ಫೈಟ್ ಇಲ್ಲದ ಸೈಡರ್‌ಗೆ ತಗಲುವ ಒಂದು ದೋಷದ ಲಕ್ಷಣ ಅದು. ಇಲ್ಲಿಯವರು ಅದನ್ನು 'ಇಲಿ' ಎನ್ನುತ್ತಾರೆ. ಹುಳಿಯಲ್ಲಿ ಅಡಗಿರುತ್ತದೆ, ಎಂಜಲು ಸೇರಿದಾಗ ಹೊರಬರುತ್ತದೆ. ಕೆಲವರ ನಾಲಿಗೆಗೆ ಅದು ತಿಳಿಯುವುದೇ ಇಲ್ಲ. ತಮಗೂ ತಿಳಿಯುವುದಿಲ್ಲ ಎಂದು ವಿಲ್ಲೆಮ್ ಮೊದಲ ದಿನವೇ ಹೇಳಿದ್ದರು. ರುಚಿಯ ಹಾಳೆಯನ್ನು ಅವಳ ಕೈಗೆ ಕೊಟ್ಟದ್ದೇ ಅದಕ್ಕಾಗಿ.

ಕುಡಿಯದೆ ಪತ್ತೆಹಚ್ಚಲೂ ಒಂದು ದಾರಿಯಿತ್ತು: ಚರ್ಮಕ್ಕೆ ಉಜ್ಜಿದರೂ ಹುಳಿ ಇಳಿದು ವಾಸನೆ ಏಳುತ್ತದೆ. ಅವಳು ಎರಡು ಹನಿಯನ್ನು ತನ್ನ ಮುಂಗೈ ಮೇಲೆ ಹಾಕಿ ಉಜ್ಜಿ, ಕೈನಾತ್‌ಳ ಮೂಗಿನ ಹತ್ತಿರ ಹಿಡಿದಳು.

ಕೈನಾತ್ ಕಣ್ಣರಳಿಸಿದಳು. "ಲೇ! ಭಟ್ಟಿ ಕಣೇ ಇದು! ನಮ್ಮನೆ ಹಿಂದಿನ ಮಂಡಕ್ಕಿ ಭಟ್ಟಿ! ಬೆಳಗಾಗೆದ್ದು ಕಿಟಕಿ ತೆಗೆದ್ರೆ ಇದೇ ಬರ್ತಿತ್ತು. ಅಮ್ಮಿಗೆ ಫೋನ್ ಮಾಡ್ಲಾ? ಎಷ್ಟು ಚೆನ್ನಾಗಿದೆ!"

"ಚೆನ್ನಾಗೇ ಇದೆ. ನಂಗೂ ಹಂಗೇ ಅನ್ಸಿದ್ದು."

"ಮತ್ತೆ ಮುಖ ಯಾಕೆ ಹಂಗೆ ಮಾಡ್ಕೊಂಡೆ?"

ಸುಪ್ರೀತಾ ಆ ದೋಷದ ವಿಷಯ ಹೇಳಿದಳು. ಕೈನಾತ್ ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟಳು. 1.40 ಆಗಿತ್ತು.

"ಅವ್ರಿಗೆ ಗೊತ್ತೇ ಆಗಲ್ಲ ಅಂದ್ಯಲ್ಲ."

"ಅವ್ರಿಗೆ ಆಗಲ್ಲ. ಕೊಂಡ್ಕೊಳ್ಳೋರಿಗೆ ಆಗುತ್ತೆ. ಬಾಟ್ಲಲ್ಲಿ ಇನ್ನೂ ಜಾಸ್ತಿನೂ ಆಗಬಹುದು."

"ನಿಂಗೆ ಪಕ್ಕಾನಾ? ಇಬ್ರೂ ದಾವಣಗೆರೆಯವ್ರೇ. ನಮ್ ಮೂಗು ನಂಬ್ಕೊಂಡು ನೀನು ಒಂದು ವರ್ಷ ಕಳ್ಕೋತೀಯಾ?"

ಸುಪ್ರೀತಾ ಎದ್ದು ಶೌಚಾಲಯದವರೆಗೆ ಹೋಗಿ, ಒಳಗೆ ಹೋಗದೆ ಹಿಂದಿರುಗಿದಳು. ಕುಳಿತಳು. ಲೋಟವನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಫೋನ್ ತೆಗೆದು ತನ್ನ ಮೂರೂ ಹಾಳೆಗಳ ಚಿತ್ರ ನೋಡಿದಳು. ಮೊದಲ ವಾರ ಘಮಕ್ಕೆ ಐದರಲ್ಲಿ ಎರಡು ಅಂಕ, ಎರಡನೇ ವಾರ ಮೂರು, ಮೂರನೇ ವಾರ ನಾಲ್ಕು. ವಾಸನೆ ಏರುತ್ತಾ ಬಂದಿತ್ತು. ಅವಳು ಅಂಕ ಏರಿಸುತ್ತಾ ಬಂದಿದ್ದಳು.

ತಟ್ಟೆ ತೆಗೆಯಲು ಲೀಸ್ ಬಂದಳು.

"ಲೀಸ್, ಕೈ ಕೊಡ್ತೀಯಾ?"

ಲೀಸ್ ನಗುತ್ತಾ ಕೈ ಚಾಚಿದಳು. ಸುಪ್ರೀತಾ ಎರಡು ಹನಿ ಹಾಕಿ ಉಜ್ಜಿದಳು. ಏನನ್ನೂ ಮೊದಲೇ ಹೇಳಲಿಲ್ಲ. ಲೀಸ್ ಮೂಸಿ ಕೈಯನ್ನು ದೂರ ಒಯ್ದಳು.

"ಅಯ್ಯೋ, ಚಿಕ್ಕವಳಿದ್ದಾಗ ನಾನು ಹ್ಯಾಮ್‌ಸ್ಟರ್ ಇಲಿ ಸಾಕಿದ್ದೆ. ವಾರಗಟ್ಟಲೆ ಗೂಡು ತೊಳೆಯದೆ ಬಿಟ್ಟರೆ ಹೀಗೇ ಬರುತ್ತಿತ್ತು. ಏನಿದು?"

"ಐದನೇ ಟ್ಯಾಂಕ್" ಎಂದಳು ಸುಪ್ರೀತಾ. "ನಿನ್ನ ಅಪ್ಪ ಎಲ್ಲಿ?"

ವಿಲ್ಲೆಮ್ ಸೇಬು ಹಿಂಡುವ ಯಂತ್ರದ ಕೊಠಡಿಯಲ್ಲಿ ಬಾಟಲಿಗಳ ಪೆಟ್ಟಿಗೆ ಎಣಿಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಹೇಳಿದಳು. "ಐದನೇ ಟ್ಯಾಂಕಿನಲ್ಲಿ ಇಲಿ ಇದೆ. ಲೀಸ್‌ಗೂ ವಾಸನೆ ಬಂತು."

"ಎಷ್ಟು ದಿನದಿಂದ?"

"ಮೂರು ವಾರ. ಹಾಳೆಯಲ್ಲೇ ಇದೆ. ನಾನು ಅದನ್ನು ಒಳ್ಳೆಯದು ಅಂತ ಬರೆದೆ."

"ಒಳ್ಳೆಯದು ಅಂತ ಯಾಕೆ?"

"ನಮ್ಮೂರಲ್ಲಿ ಬೀದಿಬೀದಿಯಲ್ಲಿ ಅಕ್ಕಿ ಹುರಿಯುತ್ತಾರೆ. ಅಲ್ಲಿನ ವಾಸನೆ ಇದು."

ವಿಲ್ಲೆಮ್ ಪಕ್ಕದಲ್ಲಿಟ್ಟಿದ್ದ ಜಗ್ಗಿನಲ್ಲಿ ಉಳಿದಿದ್ದುದನ್ನು ಲೋಟಕ್ಕೆ ಬಗ್ಗಿಸಿ ಕುಡಿದು, ಹತ್ತು ಸೆಕೆಂಡಿಗೂ ಹೆಚ್ಚು ಕಾದರು.

"ನನಗೆ ಏನೂ ಬರುತ್ತಿಲ್ಲ" ಎಂದರು. ಮುಖ ಕೆಂಪಾಗಿತ್ತು. "ಇವತ್ತು ನೀನು ಹೇಳದೆ ಹೋಗಿದ್ದರೆ ನಾನು ತುಂಬಿಸುತ್ತಿದ್ದೆ. ಮೂರು ವಾರದ ಹಿಂದೆ ಹೇಳಿದ್ದರೆ ಏನಾದರೂ ಮಾಡಬಹುದಿತ್ತೇನೋ."

ಅವರು ಲಾರಿ ತಡೆಯಲು ಫೋನ್ ಕೈಗೆತ್ತಿಕೊಂಡು ಹೊರಗೆ ನಡೆದರು.

ಅಂಗಳದಲ್ಲಿ ಕೈನಾತ್ ಕಾರಿಗೆ ಒರಗಿ ನಿಂತಿದ್ದಳು. "ಹೇಳ್ದಾ?"

"ಹೇಳ್ದೆ."

"ಬೈದ್ರಾ?"

"ಇಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಕೈನಾತ್ ಬಾಗಿಲು ತೆರೆದಳು. "ಬಾ, ಹತ್ಕೋ. ಕಾಲು ಮಾತ್ರ ಅಲ್ಲಾಡಿಸ್ಬೇಡ, ಗಾಡಿ ಹೊಸದು."

ಬಾಟಲಿ ಲಾರಿ 2.25ಕ್ಕೆ ದಾರಿಯಿಂದಲೇ ಹಿಂದಿರುಗಿತು. ಐದನೇ ಟ್ಯಾಂಕಿನ ಒಂಬೈನೂರು ಲೀಟರನ್ನು ಮಂಗಳವಾರ ಜೈವಿಕ ಅನಿಲ ಘಟಕದ ಟ್ಯಾಂಕರ್ ಒಯ್ದಿತು. ಸೆಪ್ಟೆಂಬರ್‌ನಲ್ಲಿ ವಿಲ್ಲೆಮ್ ಎಂಟೂ ಟ್ಯಾಂಕ್‌ಗಳಿಗೆ ತಮ್ಮ ಹಳೆಯ ಯೀಸ್ಟನ್ನೇ ಹಾಕಿ, ಸುಪ್ರೀತಾಳ ಯೀಸ್ಟ್‌ಗೆ ಐವತ್ತು ಲೀಟರಿನ ಒಂದು ಪೀಪಾಯಿ ಕೊಟ್ಟರು. ಅದರ ರುಚಿಯ ಹಾಳೆಗೆ ಪ್ರತಿ ವಾರ ಅವಳ ಜೊತೆಗೆ ಲೀಸ್ ಕೂಡ ಸಹಿ ಹಾಕಿದಳು.