ಆಮ್ಲೆಟ್ಟಿನ ಪಾಲು

"ಮೂರರಲ್ಲೊಂದು ಪಾಲು ದೊಡ್ಡದೋ, ನಾಲ್ಕರಲ್ಲೊಂದು ಪಾಲು ದೊಡ್ಡದೋ? ಯಾವುದು ದೊಡ್ಡದು ಅಂತೀಯೋ ಅದೇ ನಿಂಗೆ."

ಅಪ್ಪ ಚಾಕು ಹಿಡಿದು ಕಾಯುತ್ತಿದ್ದ. ಮಗಳು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ, "ನಾಲ್ಕರದ್ದು," ಎಂದಳು.

"ಯೋಚನೆ ಮಾಡಿ ಹೇಳು."

"ನಾಲ್ಕರದ್ದೇ."

ಅವನು ಆಮ್ಲೆಟ್ಟಿನ ಕಾಲು ಭಾಗವನ್ನು ಅಳತೆ ಹಿಡಿದು ಕತ್ತರಿಸಿ ಅವಳ ತಟ್ಟೆಗೆ ಹಾಕಿದ. "ತಿನ್ನು. ಹೊಟ್ಟೆ ಚುರುಗುಟ್ಟಿದ್ರೆ ನಾಳೆ ತಲೆ ತಾನಾಗೇ ಓಡುತ್ತೆ."

ಇದೆಲ್ಲ ಶುರುವಾದದ್ದು ಶಾಲೆಯಲ್ಲಿ. ಮನೆಯಲ್ಲಿ ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ, ಹಂಚಿಕೊಂಡು ತಿನ್ನುವಾಗ ಮಕ್ಕಳಿಗೆ ಲೆಕ್ಕ ಅಭ್ಯಾಸ ಮಾಡಿಸಿ ಎಂದು ಟೀಚರು ತಂದೆತಾಯಿಯರಿಗೆ ಹೇಳಿದ್ದರು. ಪಾಪ, ಒಳ್ಳೆಯ ಮಾತೇ. ಆದರೆ ಬಸ್ ಗ್ಯಾರೇಜಿನ ಈ ಮೆಕ್ಯಾನಿಕ್ಕು ನಟ್ಟು ಬಿಗಿಯಲು ಹೊರಟರೆ ಅದರ ಥ್ರೆಡ್ಡು ಕಿತ್ತುಹೋಗುವವರೆಗೂ ಬಿಡುವ ಆಸಾಮಿಯಲ್ಲ. ಮೊದಲು ಕಾಲುಚೀಲದ ಜೋಡಿ ಎಷ್ಟು ಎಂದ, ಅದು ಸರಿಬಂದ ಮೇಲೆ ಬಕೆಟ್ಟಿಗೆ ಎಷ್ಟು ಮಗ್ಗು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಲೆಕ್ಕ ಊಟದ ತಟ್ಟೆಗೇ ಬಂದು ಕೂತಿತು.

ಅಮ್ಮ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಲೆಕ್ಕದಲ್ಲಿ ನಪಾಸಾಗಿ ಶಾಲೆ ಬಿಟ್ಟವನು, ಮಗಳಿಗೆ ಆ ಗತಿ ಬರಬಾರದು ಅಂತ ಒದ್ದಾಡುತ್ತಾನೆ, ಇರಲಿ ಎಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಮಗಳ ಯೂನಿಫಾರ್ಮಿನ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಜಾರಿತು. ಪಿನ್ನು ಚುಚ್ಚಿ ಕಳಿಸಿದಳು. ಲಾಂಡ್ರಿಯಲ್ಲಿ ಇಡೀ ದಿನ ಇಸ್ತ್ರಿ ಒತ್ತುವಾಗಲೂ ಅದೇ ಕಣ್ಣಿಗೆ ಕಟ್ಟಿತ್ತು. ಗಂಡನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ ಸಿಟ್ಟು. ಈಗ ಆ ಕಾಲು ತುಂಡು ತಟ್ಟೆಗೆ ಬಿದ್ದದ್ದು ನೋಡಿ ಅವಳ ಪಿತ್ತ ನೆತ್ತಿಗೇರಿತು.

"ನಂದೂ ಒಂದು ಲೆಕ್ಕ ಇದೆ," ಎಂದು ಗಂಡನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಗಂಟೆಗೆ ಹದಿನಾಲ್ಕು ಅಂಗಿ ಇಸ್ತ್ರಿ ಮಾಡ್ತೀನಿ. ಆರೂವರೆ ಗಂಟೇಲಿ ಎಷ್ಟು?"

"ಏನಿದು ತಮಾಷೆ?"

"ಹೇಳಿ, ಆಮೇಲೆ ತಿನ್ನಿ."

ಅವನ ತುಟಿ ಒಳಗೊಳಗೇ ಅಲ್ಲಾಡಿತು. "ತೊಂಬತ್ತೊಂದು!" ಎಂದು ಗೆದ್ದವನಂತೆ ತಟ್ಟೆಗೆ ಕೈ ಚಾಚಿದ. ಅವಳು ತಟ್ಟೆಯನ್ನು ಇನ್ನೂ ಹಿಂದಕ್ಕೆ ಸರಿಸಿದಳು.

"ಅದರಲ್ಲಿ ಏಳರಲ್ಲೊಂದು ಪಾಲು ಬಿಳೀದು. ಬಣ್ಣದ್ದು ಎಷ್ಟು?"

"ಎಪ್ಪತ್ತೆಂಟು. ಕೊಡೇ."

"ಹನ್ನೊಂದು ಜನಕ್ಕೆ ಹಂಚಿದ್ರೆ ಉಳಿಯೋದು?"

ಅವನು ಮೇಜಿನ ಮೇಲೆ ಗುದ್ದಿದ. ಲೋಟ ಉರುಳಿ ನೀರು ಚೆಲ್ಲಿತು. "ಬಸ್ಸಿನ ಕೆಳಗೆ ಮಲಗಿ ಮಲಗಿ ಬೆನ್ನು ಬಿದ್ದುಹೋಗಿದೆ! ಹಸಿದು ಬಂದಿರೋ ಮನುಷ್ಯನಿಗೆ ಒಂದು ತುತ್ತು ತಿನ್ನೋಕೆ ಬಿಡ್ತೀಯೋ ಇಲ್ವೋ?"

"ಬಿಡಲ್ಲ! ಅವಳಿಗೇನು ಹೊಟ್ಟೆ ಇಲ್ವಾ? ನಿಮ್ಮ ಕೂಸು ಕಣ್ರೀ ಅದು, ಕಡ್ಡಿ ಆಗಿಹೋಗಿದೆ!"

"ಅವಳಿಗೆ ಬರಲ್ಲ, ಅದಕ್ಕೇ ಕಲಿಸ್ತಿದೀನಿ! ತಿಂಗಳಾಯ್ತು, ಮೂರು ನಾಲ್ಕರ ವ್ಯತ್ಯಾಸ ಗೊತ್ತಾಗ್ತಿಲ್ಲ ಈ ದಡ್ಡಿಗೆ!"

ಇಬ್ಬರೂ ಏದುಸಿರು ಬಿಡುತ್ತಾ ಮುಖಾಮುಖಿ ನಿಂತರು. ಮಗಳು ಕುರ್ಚಿಯಿಂದ ಇಳಿದು ಬಂದು ಅಪ್ಪನ ಅಂಗಿಯ ತುದಿ ಜಗ್ಗಿದಳು. ಅವನು ಬಗ್ಗಿದ. ಅಮ್ಮನಿಗೆ ಕೇಳಿಸಬಾರದೆಂಬಂತೆ ಅವನ ಕಿವಿಯಲ್ಲಿ ಹೇಳಿದಳು, ಆದರೆ ಆ ಚಿಕ್ಕ ಅಡುಗೆಮನೆಯಲ್ಲಿ ಕೇಳಿಸದೆ ಇರುವಂತಿರಲಿಲ್ಲ.

"ಅಪ್ಪ, ಬೇಕಂತ ತಪ್ಪು ಹೇಳಿಬಿಡು. ಸರಿ ಹೇಳಿದ್ರೆ ಇನ್ನೂ ಕಷ್ಟದ್ದು ಕೇಳ್ತಾರೆ. ತಪ್ಪು ಹೇಳಿದ್ರೆ ಚಿಕ್ಕದು ಕೊಟ್ಟು ಸುಮ್ಮನೆ ಬಿಟ್ಬಿಡ್ತಾರೆ."

ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ಬಗ್ಗಿದ ಅಪ್ಪ ಬಗ್ಗಿದಂತೆಯೇ ಇದ್ದ. ಅವಳು ತನ್ನ ಕಾಲು ಪಾಲನ್ನು ಬೆರಳಿನಿಂದ ಸಣ್ಣ ಸಣ್ಣ ಚೂರು ಮಾಡಿ, ಬೇಗ ಮುಗಿದುಹೋಗದ ಹಾಗೆ, ಒಂದೊಂದನ್ನೇ ಬಾಯಿಗೆ ಹಾಕಿಕೊಳ್ಳತೊಡಗಿದಳು.